ಮಾತ್ರೆ ನುಂಗಿದರೆ ಯೋಚನೆ ನಿಲ್ಲುತ್ತಾ?

ಪ್ರಿಯ ಓದುಗರೇ,

ನಿಮ್ಮ ಎರಡು ಪುಟದ ಪತ್ರ ತಲುಪಿತು. ಮೊದಲ ಪುಟದಲ್ಲಿ ಒಂದು ಪ್ರಶ್ನೆ: ನಿನ್ನೆಯ ನಾನೂ ಇವತ್ತಿನ ನಾನೂ ಒಬ್ಬನೇ ಎಂದು ಹೇಗೆ ಹೇಳುವುದು? ಎರಡನೆಯದರಲ್ಲಿ ನಿಮ್ಮ ಕಷ್ಟ. ಗಮನ ಒಂದೆಡೆ ನಿಲ್ಲಲು ಬಿಡದ ಎಡಿಎಚ್‌ಡಿ ಮೊದಲಿಂದಲೂ ಇದೆ, ಈಗ ಖಿನ್ನತೆಯೂ ಸೇರಿಕೊಂಡಿದೆ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಪಟ್ಟಿ ಬಿಚ್ಚದೆ ಹಾಗೇ ಇದೆ. ‘ತತ್ವಜ್ಞಾನಿಗಳೆಲ್ಲ ಸ್ವಲ್ಪ ಹುಚ್ಚರೇ ಅಲ್ವಾ ಸಾರ್? ಮಾತ್ರೆ ನುಂಗಿ ನನ್ನ ಯೋಚನೆಯೂ ನಿಂತುಹೋದರೆ?’ ಎಂದು ಕೇಳಿದ್ದೀರಿ.

ನಿಮ್ಮ ಮೊದಲ ಪುಟದ ಪ್ರಶ್ನೆಯನ್ನೇ ತಲೆಗೆ ಹಚ್ಚಿಕೊಂಡಿದ್ದವನು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್. ಅವನೂ ಒಂದು ಪತ್ರ ಬರೆದಿದ್ದ. 1734ರಲ್ಲಿ, ಹೆಸರು ಹಾಕದೆ, ಒಬ್ಬ ಡಾಕ್ಟರಿಗೆ. ಹದಿನೆಂಟರ ವಯಸ್ಸಿನಲ್ಲಿ ಹೊಸ ವಿಚಾರವೊಂದು ಹೊಳೆದು ವಕೀಲಿಯ ಆಸೆ ಬಿಟ್ಟಿದ್ದ. ಕೆಲವೇ ತಿಂಗಳಲ್ಲಿ ಹುರುಪೆಲ್ಲ ಆರಿಹೋಯಿತು. ಊರಿನ ಡಾಕ್ಟರು ನಕ್ಕು, ಇದು ‘ಓದಿದವರ ಕಾಯಿಲೆ’ ಎಂದರು. ಕಹಿ ಔಷಧಿ, ಗುಳಿಗೆ, ದಿನಾ ಇಷ್ಟು ವೈನು, ಎಂಟು-ಹತ್ತು ಮೈಲಿ ಕುದುರೆ ಸವಾರಿ ಹೇಳಿದರು. (ವೈನಿನ ವಿಷಯ ನೀವು ಓದಲಿಲ್ಲ ಅಂದುಕೊಳ್ಳಿ.)

ಆ ಪತ್ರದಲ್ಲಿ ಹ್ಯೂಮ್ ತನ್ನ ಕಾಯಿಲೆಯನ್ನು ಹೊಗಳುವುದಿಲ್ಲ. ರಾಶಿ ಕಾಗದ ಗೀಚಿದ್ದೇನೆ, ಆದರೆ ಒಂದು ಯೋಚನೆಯನ್ನು ಕೊನೆಯವರೆಗೆ ಹಿಡಿದು ನಡೆಸಲು ಆಗುತ್ತಿಲ್ಲ ಎಂದು ಗೋಳಾಡುತ್ತಾನೆ. ಆಮೇಲೆ ಬ್ರಿಸ್ಟಲ್‌ನಲ್ಲಿ ವ್ಯಾಪಾರಿಯೊಬ್ಬನ ಕೆಲಸಕ್ಕೆ ಸೇರಿದ. ಕೆಲವು ತಿಂಗಳಲ್ಲೇ ಬಿಟ್ಟ. ಫ್ರಾನ್ಸಿನ ಲಾ ಫ್ಲೆಶ್ ಎಂಬ ಸಣ್ಣ ಊರಿಗೆ ಹೋಗಿ ಕೂತ. 1739ರಲ್ಲಿ ಪುಸ್ತಕ ಬಂತು. ಅದರಲ್ಲೂ ಒಂದು ಕಡೆ ಯೋಚಿಸಿ ಯೋಚಿಸಿ ಕತ್ತಲೆ ಕವಿಯುತ್ತದೆ. ಆಗ ಅವನನ್ನು ಎಬ್ಬಿಸುವುದು ಊಟ, ಪಗಡೆಯಂಥ ಒಂದು ಆಟ, ಗೆಳೆಯರ ಹರಟೆ.

ಜರ್ಮನ್ ತತ್ವಜ್ಞಾನಿ ನೀಚೆಯ ಹೆಸರನ್ನೂ ಎತ್ತಿದ್ದೀರಿ. ಎಲ್ಲರೂ ಎತ್ತುತ್ತಾರೆ. 1889ರ ಜನವರಿಯಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅವನ ಮನಸ್ಸು ಕುಸಿಯಿತು. ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ಒಂದು ಪುಸ್ತಕವನ್ನೂ ಬರೆಯಲಿಲ್ಲ. ಇನ್ನು ಇನ್ನೊಬ್ಬ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್‌ಗೆ ಆಟಿಸಂ ಇತ್ತೆಂದು ಅವನು ಸತ್ತು ಎಷ್ಟೋ ವರ್ಷದ ಮೇಲೆ ಕೆಲವರು ಬರೆದರು. ಹೋದವರ ಪತ್ರ ಕೆದಕಿ ಹಣೆಪಟ್ಟಿ ಅಂಟಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಎಡಿಎಚ್‌ಡಿ ನಿಮಗೆ ಚಿಕ್ಕಂದಿನಿಂದ ಬಂದ ತಲೆಯ ರೀತಿ. ಹಾಗೆ ಹಾರಾಡುವ ಮನಸ್ಸಿಗೆ ಬೇರೆಯವರಿಗೆ ಕಾಣದ ನಂಟು ಕಾಣಬಹುದು, ಒಲೆ ಮೇಲಿಟ್ಟ ಹಾಲು ಮರೆತೂ ಹೋಗಬಹುದು. ಖಿನ್ನತೆ ಹಾಗಲ್ಲ, ನಡುವೆ ಬಂದು ಕೂತದ್ದು. ‘ಯಾಕೆ ಬದುಕಬೇಕು’ ಎಂದು ತತ್ವವೂ ಕೇಳುತ್ತದೆ, ಖಿನ್ನತೆಯೂ ಕೇಳುತ್ತದೆ. ನನಗೆ ತೋಚುವ ಗುರುತು ಇಷ್ಟೇ: ತತ್ವದ ಪ್ರಶ್ನೆಗೆ ನಾಲ್ಕಾರು ಉತ್ತರ ಹೊಳೆದು ತಮ್ಮತಮ್ಮಲ್ಲೇ ಜಗಳವಾಡುತ್ತವೆ. ಖಿನ್ನತೆಗೆ ಗೊತ್ತಿರುವುದು ಒಂದೇ ಉತ್ತರ. ಅದನ್ನೇ ರಾತ್ರಿಯಿಡೀ ಹೇಳುತ್ತಿರುತ್ತದೆ. ನಿಮ್ಮ ಎರಡನೆಯ ಪುಟದಲ್ಲಿ ಒಂದೇ ಮಾತು ಐದು ಸಲ ಬಂದಿದೆ, ಗಮನಿಸಿದಿರಾ?

ಮಾತ್ರೆಯಿಂದ ಕೆಲವರಿಗೆ ಮಂಪರು ಬರುವುದು ಸುಳ್ಳಲ್ಲ. ಆ ಭಯವನ್ನು ಡಾಕ್ಟರಿಗೇ ಹೇಳಿ. ಪ್ರಮಾಣ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ನಡುರಾತ್ರಿ ಜಾಸ್ತಿ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಎರಡನೆಯ ಪುಟವನ್ನು ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಅದನ್ನು ಡಾಕ್ಟರಿಗೆ ತೋರಿಸಿ. ಮೊದಲ ಪುಟ ನನ್ನ ಹತ್ತಿರವೇ ಇರಲಿ. ನಿದ್ದೆ ಸರಿಹೋದ ಮೇಲೆ ಅದನ್ನು ಲೇಖನ ಮಾಡಿಕೊಡಿ. ಗಡುವು ಇಲ್ಲ.

– ಸಂಪಾದಕ