ಓದುಗರ ಪ್ರಶ್ನೆ: ಒಂದೇ ಡಿಸ್ಟ್ರಿಕ್ಟು, ಮೂರು ಮಿಡ್ಲ್ ಸ್ಕೂಲು

ಪ್ರಶ್ನೆ: ಕ್ಯಾಲಿಫೋರ್ನಿಯಾಕ್ಕೆ ಬಂದು ಎಂಟು ತಿಂಗಳಾಯಿತು. ಮಗಳು ಆಗಸ್ಟ್‌ನಲ್ಲಿ 6ನೇ ತರಗತಿ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) 6ರಿಂದ 8ನೇ ತರಗತಿಯ ಮೂರು ಸರ್ಕಾರಿ ಮಿಡ್ಲ್ ಸ್ಕೂಲುಗಳಿವೆ. ಮನೆ ಹುಡುಕುವ ತಾಣಗಳಲ್ಲಿ ಒಂದಕ್ಕೆ ಹತ್ತಕ್ಕೆ 9, ಇನ್ನೊಂದಕ್ಕೆ 7, ಮತ್ತೊಂದಕ್ಕೆ 5 ಎಂದಿದೆ. ಮನೆಯ ವಿಳಾಸ ನೋಡಿಯೇ ಶಾಲೆ ಕೊಡುತ್ತಾರೆ, 9ರ ಶಾಲೆಯ ಕಡೆ ಬಾಡಿಗೆ ತುಂಬಾ ಜಾಸ್ತಿ. ಆದರೂ ಅಲ್ಲಿಗೇ ಹೋಗಬೇಕೇ?

ಉತ್ತರ: ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ಸಂಜೆ ಕೂತು ಲೆಕ್ಕ ಹಾಕಿ. ಆ ಒಂದಂಕಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ದೊಡ್ಡ ಪಾಲು; ಫಲಿತಾಂಶ ಮನೆಯ ಆದಾಯ, ತಂದೆತಾಯಿಯ ಓದಿನ ಜೊತೆಗೇ ಏರಿಳಿಯುತ್ತದೆ. ಮಕ್ಕಳು ಏನು ಕಲಿತು ಶಾಲೆಗೆ ಬಂದರು, ಬಂದ ಮೇಲೆ ಶಾಲೆ ಏನು ಕಲಿಸಿತು, ಎರಡೂ ಅದರಲ್ಲಿ ಬೆರೆತಿವೆ. ನಿಮಗೆ ಬೇಕಾದದ್ದು ಎರಡನೆಯದು.

ಅದನ್ನು ಬಿಡಿಸಿ ನೋಡಬಹುದು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 3ರಿಂದ 8ನೇ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆ ಬರೆಯುತ್ತಾರೆ. ಪ್ರತಿ ಶಾಲೆಯ ಪ್ರತಿ ತರಗತಿಯ ಸರಾಸರಿ ಅಂಕ ರಾಜ್ಯದ ಫಲಿತಾಂಶ ತಾಣದಲ್ಲಿ ಸಿಗುತ್ತದೆ. ಗಣಿತದಲ್ಲಿ ನಿಗದಿತ ಮಟ್ಟ 6ನೇ ತರಗತಿಗೆ 2552, 7ಕ್ಕೆ 2567, 8ಕ್ಕೆ 2586. ಈಗ ಒಂದೇ ಮಕ್ಕಳ ಗುಂಪನ್ನು ಹಿಂಬಾಲಿಸಿ: ಎರಡು ವರ್ಷದ ಹಿಂದಿನ 6ನೇ ತರಗತಿ, ಹೋದ ವರ್ಷದ 7, ಈ ವರ್ಷದ 8. ಉದಾಹರಣೆಗೆ, ಒಂದು ಶಾಲೆಯ ಗುಂಪು 6ರಲ್ಲಿ 2620 ಇದ್ದದ್ದು 8ರಲ್ಲಿ 2630 ಆಗಿದೆ ಎನ್ನಿ. ಮಟ್ಟಕ್ಕಿಂತ 68 ಮೇಲಿದ್ದವರು 44ಕ್ಕೆ ಇಳಿದರು. ಇನ್ನೊಂದರಲ್ಲಿ 2560 ಇದ್ದದ್ದು 2610 ಆಗಿದೆ. 8 ಮೇಲಿದ್ದವರು 24ಕ್ಕೆ ಏರಿದರು. ಮನೆ ಹುಡುಕುವ ತಾಣದ ಅಂಕಿಯಲ್ಲಿ ಮೊದಲನೆಯದೇ ಮುಂದಿರುತ್ತದೆ, ಕಲಿಸಿದ್ದು ಎರಡನೆಯದು. ನಡುವೆ ಕೆಲವು ಮಕ್ಕಳು ಊರು ಬಿಟ್ಟಿರುತ್ತಾರೆ, ಹೊಸಬರು ಸೇರಿರುತ್ತಾರೆ. ಹಾಗಾಗಿ ಒಂದೇ ಗುಂಪು ನೋಡಿ ತೀರ್ಮಾನಕ್ಕೆ ಬರಬೇಡಿ, ಎರಡು ಮೂರು ಗುಂಪು ನೋಡಿ.

ಶಾಲೆಗಳ ಸಾಧನೆಯನ್ನು ಬಣ್ಣದಲ್ಲಿ ತೋರಿಸುವ ರಾಜ್ಯದ ತಾಣವಾದ ಕ್ಯಾಲಿಫೋರ್ನಿಯಾ ಸ್ಕೂಲ್ ಡ್ಯಾಶ್‌ಬೋರ್ಡಿನ ಬಣ್ಣಗಳನ್ನು ನೋಡುವಾಗ ಹಲವರು ತಪ್ಪುವುದು ಇಲ್ಲೇ. ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣ. ಈ ವರ್ಷದ ಸ್ಥಿತಿ, ಹಿಂದಿನ ವರ್ಷದಿಂದ ಆದ ಬದಲಾವಣೆ, ಎರಡೂ ಸೇರಿ ಬಣ್ಣ ಬರುತ್ತದೆ. ಆ ಬದಲಾವಣೆ ಅದೇ ಮಕ್ಕಳ ಪ್ರಗತಿಯಲ್ಲ: ಹೋದ ವರ್ಷದ 8ನೇ ತರಗತಿಯವರು ಹೈಸ್ಕೂಲಿಗೆ ಹೋಗಿಯಾಯಿತು. ಡ್ಯಾಶ್‌ಬೋರ್ಡ್ ನಿಜವಾಗಿ ಉಪಯೋಗಕ್ಕೆ ಬರುವುದು ಸಸ್ಪೆನ್ಷನ್ ಮತ್ತು ದೀರ್ಘ ಗೈರುಹಾಜರಿ ನೋಡಲು. ಶಾಲಾ ದಿನಗಳಲ್ಲಿ ಶೇ. 10 ಅಥವಾ ಹೆಚ್ಚು ತಪ್ಪಿಸಿದರೆ ದೀರ್ಘ ಗೈರು. 180 ದಿನದ ವರ್ಷದಲ್ಲಿ 18 ದಿನ. (ಚಳಿಗಾಲದ ರಜೆಗೆ ಇನ್ನಷ್ಟು ದಿನ ಸೇರಿಸಿ ಊರಿಗೆ ಹೊರಡುವವರು ಈ ಲೆಕ್ಕ ನೆನಪಿಡಿ. ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಶಾಲೆ ಕೊಟ್ಟ ಪಾಠವನ್ನು ಹೊರಗಿದ್ದೇ ಮಾಡುವುದು, ಸಾಧ್ಯವೇ ಎಂದು ಟಿಕೆಟ್ ತೆಗೆಯುವ ಮುಂಚೆಯೇ ಶಾಲೆಯ ಕಚೇರಿಯಲ್ಲಿ ಕೇಳಿ.)

ಅಂಕಿಗಿಂತ ನಾವು ಹೆಚ್ಚು ತೂಕ ಕೊಡುವುದು ಗಣಿತದ ದಾರಿಗೆ. 8ರಲ್ಲಿ ಆಲ್ಜಿಬ್ರಾ 1 ಮುಗಿದರೆ 9ರಲ್ಲಿ ಜಾಮೆಟ್ರಿ, ಆಮೇಲೆ ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, 12ರಲ್ಲಿ ಕ್ಯಾಲ್ಕುಲಸ್ ಸಹಜವಾಗಿ ಸಿಗುತ್ತದೆ. ಒಂದೇ ಡಿಸ್ಟ್ರಿಕ್ಟಿನಲ್ಲೂ ಒಂದು ಶಾಲೆ ಇದಕ್ಕೆ ನಾಲ್ಕು ಸೆಕ್ಷನ್ ಇಡಬಹುದು, ಇನ್ನೊಂದು ಒಂದೇ. ಮೂರೂ ಶಾಲೆಗಳಲ್ಲಿ ಕೇಳಿ: ಎಷ್ಟು ಸೆಕ್ಷನ್? ಆಯ್ಕೆ ಯಾವ ತಿಂಗಳು, ಯಾವ ಆಧಾರದ ಮೇಲೆ? 6ರಲ್ಲಿ ತಪ್ಪಿದವರು 7ರಲ್ಲಿ ಸೇರಬಹುದೇ? 8ರಲ್ಲೇ ಆಲ್ಜಿಬ್ರಾ 1ಕ್ಕೆ ತಲುಪಿಸುವ ವೇಗದ ತರಗತಿಯಲ್ಲಿ ಮೂರು ವರ್ಷದ ಪಾಠವನ್ನು ಎರಡಕ್ಕೆ ಇಳಿಸಿರುತ್ತಾರೆ. ಅನುಪಾತ, ಭಿನ್ನರಾಶಿ, ಋಣ ಸಂಖ್ಯೆ ಗಟ್ಟಿಯಾಗದ ಮಗು ಅಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಮಧ್ಯದಲ್ಲಿ ಹಿಂದಕ್ಕೆ ಬರುವ ದಾರಿ ಇದೆಯೇ ಎಂದೂ ಕೇಳಿ.

ತರಗತಿಯ ಗಾತ್ರಕ್ಕೆ ಸ್ಟೂಡೆಂಟ್ ಟೀಚರ್ ರೇಶಿಯೋ ನಂಬಬೇಡಿ. ವಿಶೇಷ ಶಿಕ್ಷಣದ ಸಣ್ಣ ತರಗತಿಗಳ ಶಿಕ್ಷಕರೂ ಆ ಲೆಕ್ಕದಲ್ಲಿ ಬರುತ್ತಾರೆ. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಪ್ರಕಟಿಸುವ ಸ್ಕೂಲ್ ಅಕೌಂಟೆಬಿಲಿಟಿ ರಿಪೋರ್ಟ್ ಕಾರ್ಡಿನಲ್ಲಿ ನಿಜವಾದ ಸರಾಸರಿ ಗಾತ್ರ, ಶಿಕ್ಷಕರ ಅರ್ಹತೆ, ಕಟ್ಟಡದ ಸ್ಥಿತಿ ಇರುತ್ತವೆ.

ಕೊನೆಗೆ ವಿಳಾಸ. ಮನೆ ತಾಣ ತೋರಿಸುವ ಗಡಿರೇಖೆ ಹಳತಾಗಿರಬಹುದು. ಡಿಸ್ಟ್ರಿಕ್ಟಿನ ತಾಣದಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ. ರಸ್ತೆಯ ಆ ಬದಿಗೂ ಈ ಬದಿಗೂ ಬೇರೆ ಶಾಲೆ ಇರುವುದುಂಟು. ಅಲ್ಲಿಂದ ಯಾವ ಹೈಸ್ಕೂಲಿಗೆ ಹೋಗುತ್ತಾರೆ, ಗಡಿ ಬದಲಿಸುವ ಮಾತು ಡಿಸ್ಟ್ರಿಕ್ಟಿನ ಬೋರ್ಡ್ ಸಭೆಗಳಲ್ಲಿ ಬಂದಿದೆಯೇ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ: ಅರ್ಜಿಯಲ್ಲಿ ಮನೆಮಾತು ಕನ್ನಡ ಎಂದು ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆ ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ನಿಜವನ್ನೇ ಬರೆಯಿರಿ. ಮನೆಮಾತು ಇಂಗ್ಲಿಷ್ ಅಲ್ಲದ, ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಶಾಲೆಗೆ ಸೇರಿದ ಮಗುವಿಗೆ 30 ದಿನದೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಚೆನ್ನಾಗಿ ಮಾಡಿದರೆ ವಿಷಯ ಅಲ್ಲಿಗೇ ಮುಗಿಯಿತು. ಮಾಡದಿದ್ದರೆ ಇಂಗ್ಲಿಷ್ ಕಲಿಕೆಯ ಪ್ರತ್ಯೇಕ ಪಾಠ ಸಿಗುತ್ತದೆ, ಅದು ಮಗುವಿನ ಹಕ್ಕು. ತೊಡಕು ಬರುವುದು ವೇಳಾಪಟ್ಟಿಯಲ್ಲಿ: ದಿನಕ್ಕೆ ಆರೇ ಪೀರಿಯಡ್ ಇರುವ ಶಾಲೆಯಲ್ಲಿ ಈ ಪಾಠ ಸಂಗೀತದ ಅಥವಾ ಚಿತ್ರಕಲೆಯ ಜಾಗ ನುಂಗಬಹುದು. ಏಳು ಪೀರಿಯಡ್ ಇದ್ದರೆ ಎರಡಕ್ಕೂ ಜಾಗ ಸಿಗುತ್ತದೆ. ಶಾಲೆಗಳನ್ನು ಹೋಲಿಸುವಾಗ ಬೆಲ್ ಷೆಡ್ಯೂಲ್ (ದಿನದ ಪೀರಿಯಡ್‌ಗಳ ವೇಳಾಪಟ್ಟಿ) ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ವಿಳಾಸಕ್ಕೆ ಬರದ ಶಾಲೆಗೆ, ಅದೇ ಡಿಸ್ಟ್ರಿಕ್ಟಿನೊಳಗೆ, ಸೇರಿಸಬಹುದೇ?

ಉತ್ತರ: ಅರ್ಜಿ ಹಾಕಬಹುದು. ಆ ಶಾಲೆಯ ಗಡಿಯೊಳಗಿನ ಮಕ್ಕಳಿಗೆ ಮೊದಲ ಜಾಗ; ಉಳಿದ ಸೀಟಿಗಿಂತ ಅರ್ಜಿ ಹೆಚ್ಚಿದ್ದರೆ ಲಾಟರಿ. ಶಾಲೆ ಶುರುವಾಗುವುದಕ್ಕೆ ತಿಂಗಳುಗಳ ಮುಂಚೆಯೇ ಗಡುವು ಮುಗಿದಿರುತ್ತದೆ, ಅದಕ್ಕೇ ಹಿಂದಿನ ವರ್ಷದ ಕೊನೆಯಲ್ಲೇ ತಾರೀಕು ತಿಳಿದುಕೊಳ್ಳಿ. ಸೀಟು ಸಿಕ್ಕರೂ ಸಾಮಾನ್ಯವಾಗಿ ಬಸ್ ಸಿಗುವುದಿಲ್ಲ. ದಿನಕ್ಕೆರಡು ಸಲ ಯಾರು ಬಿಟ್ಟು ಕರೆತರುತ್ತಾರೆ ಎಂಬುದನ್ನು ಮನೆಯಲ್ಲಿ ಮಾತಾಡಿಕೊಂಡೇ ಅರ್ಜಿ ಹಾಕಿ.