ದೇಶ ಅಂದರೆ ಅಲ್ಲಿ ಹಳ್ಳಿ

ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಹೊಳೆಬದಿ ಹಳ್ಳಿಯ ಪರಿಚಯ ಹಾಕಿದ್ದೆವು, ನಾಲ್ಕು ಪುಟ. ಅವರ ತಕರಾರು ಎರಡು. "ನಮ್ಮ ಹಳ್ಳಿಗಳಿಗೇ ನಿಮ್ಮಲ್ಲಿ ಜಾಗ ಇಲ್ಲ, ಹೆಸರು ಹೇಳಲೂ ನಾಲಿಗೆ ಹೊರಳದ ಆ ಊರಿಗೆ ನಾಲ್ಕು ಪುಟವೇ?" ಇದು ಮೊದಲನೆಯದು. "ವರ್ಷಾ ವರ್ಷ ನೆರೆ ಬರುವ ಜಾಗದಲ್ಲಿ ಆ ಜನ ಯಾಕೆ ಕೂತಿದ್ದಾರೆ? ಸರ್ಕಾರ ಅವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಬಾರದೇ? ನೀವು ನೋಡಿದರೆ ಅವರನ್ನು ಹೊಗಳುತ್ತೀರಿ." ಇದು ಎರಡನೆಯದು.

ಮೇಷ್ಟ್ರೇ, ನಮಸ್ಕಾರ. ಮೊದಲನೇ ಮಾತು ಒಪ್ಪಿದೆ. ನಮ್ಮ ಹಳ್ಳಿಗಳ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು, ತಪ್ಪು ನಮ್ಮದೇ. ಎರಡನೇ ಮಾತಿನಲ್ಲೂ ಸತ್ಯ ಇಲ್ಲ ಅನ್ನುವುದಿಲ್ಲ. 2007ರ ಡಿಸೆಂಬರ್ ಕೊನೆಯಲ್ಲಿ ಆ ಹೊಳೆ ಉಕ್ಕಿದಾಗ ಮೇಲಿನ ಸೋಲೋ ನಗರದಿಂದ ಹಿಡಿದು ಕೆಳಗಿನ ಬೊಜೊನೆಗೊರೊ ತನಕ ಊರೂರೇ ಮುಳುಗಿದವು, ಮೇಲ್ದಂಡೆಯಲ್ಲಿ ಗುಡ್ಡ ಜರಿದು ಹತ್ತಾರು ಜನ ಸತ್ತರು. ಮನೆಯೊಳಗೆ ಎದೆಮಟ್ಟ ನೀರು ಕಂಡವರ ಮುಂದೆ ನಾನು ನೆರೆಯನ್ನು ಹೊಗಳಬಾರದು. ಆದರೆ "ಎಬ್ಬಿಸಬಾರದೇ" ಅಂದಿರಲ್ಲ, ಆ ಒಂದು ಪದ ನನ್ನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ಲೇಖನ ಓದದೆ ಇರುವವರಿಗಾಗಿ ಆ ಊರನ್ನು ಮತ್ತೊಮ್ಮೆ ಹೇಳುತ್ತೇನೆ. ಹೆಸರು ನ್ಗ್ರಿಂಗಿನ್‌ರೆಜೊ. 'ರಿಂಗಿನ್' ಅಂದರೆ ಆಲದ ಜಾತಿಯ ಒಂದು ಮರ, 'ರೆಜೊ' ಅಂದರೆ ಸಮೃದ್ಧಿ. ಪೂರ್ವ ಜಾವಾದ ಬೊಜೊನೆಗೊರೊ ಜಿಲ್ಲೆ, ಕಲಿತಿಡು ತಾಲ್ಲೂಕು. ಪಕ್ಕದಲ್ಲೇ ಬೆಂಗಾವನ್ ಸೋಲೋ ಹರಿಯುತ್ತದೆ, ಇಡೀ ಜಾವಾದಲ್ಲಿ ಅದಕ್ಕಿಂತ ಉದ್ದದ ಹೊಳೆ ಇಲ್ಲ. ಹೊಳೆಯ ಅಂಚಿನ ಹೊಲಗಳಲ್ಲಿ ಮೊದಲು ಬೇರೆ ಬೇರೆ ಬೆಳೆ ಇಡುತ್ತಿದ್ದರು. ಮಳೆಗಾಲದಲ್ಲಿ ನೀರು ಬಂದು ಕೊಚ್ಚಿಕೊಂಡು ಹೋಗುತ್ತಿತ್ತು. ಮತ್ತೆ ಬಿತ್ತುವುದು, ಮತ್ತೆ ಕಳೆದುಕೊಳ್ಳುವುದು. 1980ರ ದಶಕದಲ್ಲಿ ಕೆಲವರು ಅಲ್ಲಿ ದಾರೆಹುಳಿ ನೆಟ್ಟರು. ನಿಮ್ಮ ಕಡೆ ಕಮರಾಕ್ಷಿ ಅನ್ನುತ್ತಾರೇನೋ, ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹಣ್ಣು. ಆ ಮರದ ಬುಡದಲ್ಲಿ ಕೆಲವು ದಿನ ನೀರು ನಿಂತರೂ ಅದು ಸಾಯುವುದಿಲ್ಲ. ನೀರು ಇಳಿದ ಮೇಲೆ ಬುಡಕ್ಕೆ ಹೊಸ ಗೋಡುಮಣ್ಣು ಬಿದ್ದಿರುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಫಸಲು ಬರುತ್ತದೆ. ಇವತ್ತು ಅಲ್ಲಿ ಸುಮಾರು 20 ಹೆಕ್ಟೇರ್ ದಾರೆಹುಳಿ ತೋಟ ಇದೆ. ಬೇರೆ ಊರಿನವರು ಬಂದು ತಾವೇ ಮರದಿಂದ ಕಿತ್ತು, ತೂಕ ಹಾಕಿಸಿ ಕೊಂಡು ಹೋಗುತ್ತಾರೆ. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಹಣ್ಣು ಮುಟ್ಟಬಾರದು. ಅವರಿಗೆ ಇದು ನಿಜವಾಗಿಯೂ ವಿಷ.)

ಈಗ ಹೇಳಿ ಮೇಷ್ಟ್ರೇ, ಇವರು ನೆರೆಯಲ್ಲಿ ಸುಮ್ನೆ ಕೂತವರಾ? ನೆರೆಯನ್ನು ನೋಡಿ, ಅಳೆದು, ಅದಕ್ಕೆ ಒಗ್ಗುವ ಮರ ಹುಡುಕಿಕೊಂಡವರು. ನನ್ನ ಅಜ್ಜಿ ಮನೆಯ ಹಿತ್ತಲಲ್ಲೂ ಒಂದು ದಾರೆಹುಳಿ ಮರ ಇತ್ತು, ಬಚ್ಚಲ ನೀರು ಸದಾ ಹರಿಯುವ ಜಾಗದಲ್ಲಿ. ಬೇರೆ ಯಾವ ಗಿಡ ನೆಟ್ಟರೂ ಅಲ್ಲಿ ಕೊಳೆಯುತ್ತಿತ್ತು. ಅಜ್ಜಿ ಕೃಷಿಯ ಒಂದು ಪುಸ್ತಕವನ್ನೂ ಓದಿದವಳಲ್ಲ.

ಅಲ್ಲಿನ ಜನರ ಬಾಯಲ್ಲಿ ಒಂದು ಮಾತಿದೆ, 'ಬಂಜಿರ್ ಕಿರಿಮನ್'. ಅಂದರೆ ಕಳಿಸಿದ ನೆರೆ. ತಮ್ಮೂರಲ್ಲಿ ಒಂದು ಹನಿ ಮಳೆ ಬಿದ್ದಿರುವುದಿಲ್ಲ, ಮೇಲೆ ಎಲ್ಲೋ ಸುರಿದ ಮಳೆಯ ನೀರು ಒಂದೆರಡು ದಿನ ಬಿಟ್ಟು ತಮ್ಮ ಬಾಗಿಲಿಗೆ ಬರುತ್ತದೆ. ಮೇಲೆ ಕಾಡು ಕಡಿದವರು ಬೇರೆ, ಕೆಳಗೆ ನೆನೆಯುವವರು ಬೇರೆ. ಆ ಒಂದು ಪದದಲ್ಲಿ ಎಷ್ಟು ದೊಡ್ಡ ದೂರು ಇದೆ ನೋಡಿ. ಕೃಷ್ಣೆಯ ದಡದ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಎಬ್ಬಿಸುವ ವಿಚಾರ. ಅದೇ ಹೊಳೆಯ ಮೇಲ್ದಂಡೆಯಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಕೆಳಗಿನ ನೆರೆ ತಡೆಯಬೇಕು ಅಂತ ವೊನೊಗಿರಿ ಹತ್ತಿರ ಗಜಾ ಮುಂಗ್ಕುರ್ ಅಣೆಕಟ್ಟು ಕಟ್ಟಿದರು. 1981ರಲ್ಲಿ ಉದ್ಘಾಟನೆ ಆಯಿತು. ಹೆಸರಿನ ಅರ್ಥ 'ಬೆನ್ನು ತಿರುಗಿಸಿದ ಆನೆ', ಗಜ ಅನ್ನುವ ಪದ ನಮ್ಮದೇ ಅಲ್ವಾ. ಆ ನೀರಿಗಾಗಿ ಸುಮಾರು 50 ಹಳ್ಳಿಗಳ 60 ಸಾವಿರಕ್ಕೂ ಹೆಚ್ಚು ಜನ ಏಳಬೇಕಾಯಿತು. ಬಹಳಷ್ಟು ಜನರನ್ನು ಸಮುದ್ರ ದಾಟಿಸಿ ಸುಮಾತ್ರಾಕ್ಕೆ ಕಳಿಸಿದರು. ಇದಕ್ಕೆ ಅಲ್ಲಿ ಇಟ್ಟ ಹೆಸರು 'ಬೆದೊಲ್ ದೇಸ'. ಬೆದೊಲ್ ಅಂದರೆ ಬೇರುಸಮೇತ ಕೀಳುವುದು, ಸಸಿಮಡಿಯಿಂದ ಪೈರು ಕಿತ್ತ ಹಾಗೆ. ಈಗಲೂ ಬೇಸಿಗೆಯಲ್ಲಿ ಜಲಾಶಯದ ನೀರು ತೀರಾ ಇಳಿದರೆ ಹಳೇ ಊರಿನ ಗೋರಿಗಳು ಮೇಲೆ ಕಾಣುತ್ತವೆ. ಅಣೆಕಟ್ಟಿನಿಂದ ಲಾಭವೇ ಆಗಲಿಲ್ಲ ಅನ್ನುವುದಿಲ್ಲ. ಆದರೆ ನಾನು ಮೇಲೆ ಹೇಳಿದ 2007ರ ನೆರೆ ಬಂದಿದ್ದು ಆ ಅಣೆಕಟ್ಟು ಕಟ್ಟಿ 26 ವರ್ಷ ಆದ ಮೇಲೆ.

ಅದಕ್ಕೂ ಹಿಂದೆ ಡಚ್ಚರ ಕಾಲದಲ್ಲಿ ಇನ್ನೊಂದು ಆಗಿತ್ತು. ಈ ಹೊಳೆ ಮೊದಲು ಸುರಬಾಯದ ಹತ್ತಿರ ಸಮುದ್ರ ಸೇರುತ್ತಿತ್ತು. ಅದರ ಹೂಳು ಬಂದರಿಗೆ ತೊಂದರೆ ಅಂತ 19ನೇ ಶತಮಾನದ ಕೊನೆಯಲ್ಲಿ ಹೊಳೆಯ ಬಾಯನ್ನೇ ಉತ್ತರಕ್ಕೆ ತಿರುಗಿಸಿದರು. ಆ ಕೆಲಸ ಮುಗಿಯಿತು, ಯಾಕೆಂದರೆ ಅದು ಹಡಗುಗಳಿಗೆ ಬೇಕಿತ್ತು. ಬೊಜೊನೆಗೊರೊದ ಬಡ ರೈತರ ಹೊಲಗಳಿಗೆ ನೀರು ಕೊಡುವ ದೊಡ್ಡ ನಾಲೆಯ ಯೋಜನೆಯನ್ನು 1893ರಲ್ಲಿ ಶುರು ಮಾಡಿದರು. ಖರ್ಚು ಅಂದಾಜು ಮೀರಿ ಹೋಯಿತು, 1898ರಲ್ಲಿ ಅರ್ಧಕ್ಕೇ ಕೈಬಿಟ್ಟರು. ಬಂದರಿಗೆ ಸಿಕ್ಕ ಹಣ ಹೊಲಕ್ಕೆ ಸಿಗಲಿಲ್ಲ. ಆಮೇಲೆ ಆ ರೈತರು ಏನು ಮಾಡಿದರು? ಹೊಳೆಬದಿಯ ಎಷ್ಟೋ ಹಳ್ಳಿಗಳಲ್ಲಿ ಈಗ ರೈತರದೇ ನೀರು ಬಳಕೆದಾರರ ಸಂಘಗಳಿವೆ. ಹೊಳೆಗೆ ಪಂಪು ಇಟ್ಟು ನೀರೆತ್ತಿ ಹಂಚಿಕೊಳ್ಳುತ್ತಾರೆ. ಎಷ್ಟೋ ಕಡೆ ಬಾಡಿಗೆಯನ್ನು ದುಡ್ಡಲ್ಲಿ ಅಲ್ಲ, ಫಸಲಿನಲ್ಲಿ ಒಂದು ಪಾಲು ಅಂತ ಕೊಡುತ್ತಾರೆ. ಮಳೆಗಾಲದಲ್ಲಿ ಮುಳುಗಿಸುವ ಹೊಳೆಯೇ ಬೇಸಿಗೆಯಲ್ಲಿ ಅವರಿಗೆ ಭತ್ತ, ಮೆಕ್ಕೆಜೋಳ, ತಂಬಾಕು ಕೊಡುತ್ತದೆ. ಎತ್ತರದ ಜಾಗಕ್ಕೆ ಕಳಿಸಿ ಅಂತೀರಿ. ಆ ಎತ್ತರದಲ್ಲಿ ನೀರು ಎಲ್ಲಿದೆ ಮೇಷ್ಟ್ರೇ?

ನಿಮ್ಮ ಭದ್ರಾ ಅಚ್ಚುಕಟ್ಟಿನವರಿಗೆ ಜಾವಾ ಅಷ್ಟೇನೂ ದೂರದ್ದಲ್ಲ. ನಿಮ್ಮ ಗದ್ದೆಗಳಲ್ಲಿ ವರ್ಷಗಟ್ಟಲೆ ಬೆಳೆದ ಐಆರ್ 64 ಭತ್ತ ಅವರ ಗದ್ದೆಗಳಲ್ಲೂ ತುಂಬಿತ್ತು. ನಿಮ್ಮನ್ನು ಕಾಡುವ ಕಂದು ಜಿಗಿಹುಳು ಅವರನ್ನೂ ಕಾಡಿತು, ಎಷ್ಟೆಂದರೆ 1970 ಮತ್ತು 80ರ ದಶಕಗಳಲ್ಲಿ ಗದ್ದೆಗೆ ಗದ್ದೆಯೇ ಸುಟ್ಟ ಹಾಗೆ ಒಣಗಿ ನಿಲ್ಲುತ್ತಿತ್ತು. ಸರ್ಕಾರ ಔಷಧಿ ಹೊಡೆಯಿರಿ ಅಂತ ಹೇಳಿತು. ಬೆಲೆಯ ಬಹುಪಾಲನ್ನು ತಾನೇ ಕೊಟ್ಟಿತು. ಹೊಡೆದಷ್ಟೂ ಹುಳ ಜಾಸ್ತಿ ಆಯಿತು, ಯಾಕೆಂದರೆ ಆ ಔಷಧಿ ಹುಳ ತಿನ್ನುವ ಜೇಡಗಳನ್ನು ಮೊದಲು ಕೊಲ್ಲುತ್ತಿತ್ತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಒಂದೇ ಆದೇಶದಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಹೊಡೆಯಬಾರದು ಅಂತ ನಿಷೇಧಿಸಿದರು. ಸರ್ವಾಧಿಕಾರಿಯ ಆದೇಶ ಅದು, ಅವರ ಬೇರೆ ಆದೇಶಗಳನ್ನು ನಾನು ಹೊಗಳುವುದಿಲ್ಲ. ನನಗೆ ಮುಖ್ಯ ಅನಿಸುವುದು ಆಮೇಲೆ ಆದ ಕೆಲಸ. 1989ರಿಂದ ಹಳ್ಳಿಹಳ್ಳಿಯಲ್ಲಿ ರೈತರ ಪಾಠಶಾಲೆ ಶುರುವಾಯಿತು. ಸುಮಾರು 25 ಜನ ರೈತರು, ವಾರಕ್ಕೊಂದು ದಿನ, ಒಂದು ಬೆಳೆ ಮುಗಿಯುವವರೆಗೆ. ಗೋಡೆ ಇಲ್ಲ, ಬೆಂಚಿಲ್ಲ, ಗದ್ದೆಯೇ ಶಾಲೆ. ಬೆಳಿಗ್ಗೆ ಕೆಸರಿಗಿಳಿದು ಪೈರಿನ ಬುಡದಲ್ಲಿ ಹುಳ ಎಷ್ಟು, ಜೇಡ ಎಷ್ಟು ಅಂತ ಎಣಿಸಿ, ನೆರಳಲ್ಲಿ ಕೂತು ಹಾಳೆ ಮೇಲೆ ಅವುಗಳ ಚಿತ್ರ ಬರೆದು, ಈ ವಾರ ಔಷಧಿ ಬೇಕೋ ಬೇಡವೋ ಅಂತ ತಾವೇ ತೀರ್ಮಾನ ಮಾಡುವುದು. ಹತ್ತು ವರ್ಷದಲ್ಲಿ ಸುಮಾರು 10 ಲಕ್ಷ ರೈತರು ಹೀಗೆ ಕಲಿತರು. ನೀವು ಜೀವನವಿಡೀ ಪಾಠ ಹೇಳಿದವರು. ಅಂಥ ತರಗತಿಯಲ್ಲಿ ಒಂದು ದಿನ ನಿಂತಿದ್ದರೆ ನಿಮಗೆ ಎಷ್ಟು ಖುಷಿ ಆಗುತ್ತಿತ್ತು ಅಂತ ನನಗೆ ಗೊತ್ತು.

ಎಲ್ಲವೂ ಹೀಗೆ ಚೆನ್ನಾಗಿಯೇ ನಡೆಯಿತು ಅಂದರೆ ಅದೂ ತಪ್ಪಾಗುತ್ತದೆ. ಜಾವಾದಲ್ಲಿ ಹಿಂದೆ ಭತ್ತ ಕೊಯ್ಯುತ್ತಿದ್ದವರು ಹೆಂಗಸರು. ಅವರ ಕೈಯಲ್ಲಿ ಕುಡುಗೋಲು ಇರುತ್ತಿರಲಿಲ್ಲ. 'ಅನಿ ಅನಿ' ಅನ್ನುವ, ಅಂಗೈಯಲ್ಲಿ ಅಡಗುವ ಪುಟ್ಟ ಕತ್ತಿ. ಒಂದೊಂದೇ ತೆನೆ ಕೊಯ್ಯಬೇಕು. ಭತ್ತದ ತಾಯಿ ದೇವಿ ಶ್ರೀ ಕತ್ತಿ ನೋಡಿ ಹೆದರಬಾರದು ಅಂತ ಹಾಗೆ ಅಡಗಿಸಿ ಹಿಡಿಯುವುದು ಅನ್ನುತ್ತಾರೆ. ಹೌದು, ನಮ್ಮ ಶ್ರೀದೇವಿಯೇ, ಅಲ್ಲಿ ಗದ್ದೆಯಲ್ಲಿ ನೆಲೆಸಿದ್ದಾಳೆ. ಸುಗ್ಗಿಗೆ ಊರಿನ ಯಾವ ಬಡ ಹೆಂಗಸು ಬಂದರೂ ಇಲ್ಲ ಅನ್ನುವ ಹಾಗಿರಲಿಲ್ಲ, ಕೊಯ್ದದ್ದರಲ್ಲಿ ಅವಳಿಗೊಂದು ಪಾಲು. 1970ರ ದಶಕದಲ್ಲಿ ಗಿಡ್ಡ ತಳಿಗಳು ಬಂದವು, ಅದಕ್ಕೆ ಕುಡುಗೋಲೇ ಸರಿ ಅಂತಾಯಿತು. ನಾವು ಅಡಿಕೆ ತೋಟ ಖೇಣಿ ಕೊಡುವ ಹಾಗೆ ನಿಂತ ಪೈರನ್ನೇ ವ್ಯಾಪಾರಿಗೆ ಮಾರುವುದು ಹೆಚ್ಚಿತು. ಅವನು ತನ್ನ ಆಳುಗಳನ್ನೇ ಕರೆತಂದ. ಅದೇ ಹೊತ್ತಿಗೆ ಅಕ್ಕಿ ಗಿರಣಿಗಳು ಬಂದು ಭತ್ತ ಕುಟ್ಟುವ ಕೆಲಸವೂ ಹೋಯಿತು. ಇಳುವರಿ ಏರಿತು, 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು, ಸುಹಾರ್ತೊ ಹೊರಗಡೆ ಹೋಗಿ ಸನ್ಮಾನ ಮಾಡಿಸಿಕೊಂಡರು. ಗದ್ದೆಯ ಬದುವಿನ ಮೇಲೆ ಕೈ ಕಟ್ಟಿ ನಿಂತ ಹೆಂಗಸರ ಲೆಕ್ಕ ಯಾವ ಸನ್ಮಾನ ಪತ್ರದಲ್ಲಿ ಇದೆ?

ನನಗೆ ಸಿಟ್ಟು ಬರುವುದೇ ಇಲ್ಲಿ. ಹಳ್ಳಿಯ ಪರಿಚಯ ಅಂದರೆ ನಾವು ಬರೆಯುವುದು ಏನು? ವಿಸ್ತೀರ್ಣ, ಜನಸಂಖ್ಯೆ, ಗಂಡು ಎಷ್ಟು, ಹೆಣ್ಣು ಎಷ್ಟು, ಪೂರ್ವಕ್ಕೆ ಯಾವ ಊರು, ಪಶ್ಚಿಮಕ್ಕೆ ಯಾವ ಊರು. ಇಂಡೋನೇಷ್ಯಾದ ಹಳ್ಳಿ ಕಚೇರಿಗಳಲ್ಲೂ ಇಂಥ ಅಂಕಿಗಳ ದೊಡ್ಡ ಹಲಗೆ ತೂಗುಹಾಕಿರುತ್ತಾರೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ನೀರು ಯಾವ ತಿಂಗಳು ಬರುತ್ತದೆ, ಯಾರ ಮನೆಗೆ ಮೊದಲು ನುಗ್ಗುತ್ತದೆ, ಆ ವಾರ ಊರು ಏನು ಉಣ್ಣುತ್ತದೆ, ಇದು ಯಾವ ಹಲಗೆಯ ಮೇಲೂ ಇಲ್ಲ. ಪತ್ರಿಕೆಗಳವರಾದ ನಾವು ಹಳ್ಳಿಗೆ ಹೋಗುವುದು ನೀರು ನುಗ್ಗಿದಾಗ ಮತ್ತು ನೀರು ಬತ್ತಿದಾಗ. ನಡುವಿನ ಹತ್ತು ತಿಂಗಳು ಅಲ್ಲಿ ಜನ ಬದುಕುತ್ತಿರುತ್ತಾರೆ ಅನ್ನುವುದು ನಮಗೆ ಮರೆತೇ ಹೋಗಿದೆ.

ಇಂಡೋನೇಷ್ಯಾದ ಭಾಷೆಯಲ್ಲಿ ಹಳ್ಳಿಗೆ 'ದೇಸ' ಅನ್ನುತ್ತಾರೆ. ನಮ್ಮ 'ದೇಶ' ಅನ್ನುವ ಪದವೇ ಅದು. ದೇಶಕ್ಕೆ ಅವರು ಅನ್ನುವುದು 'ನೆಗಾರ', ಅಂದರೆ ನಮ್ಮ 'ನಗರ'. ಜಿಲ್ಲೆ ನೋಡಿಕೊಳ್ಳುವವನು 'ಬುಪತಿ', ಭೂಪತಿ. ಒಂದೇ ಮೂಲದ ಪದಗಳು ಅಲ್ಲಿ ಹೋಗಿ ಹೀಗೆ ಅದಲುಬದಲಾಗಿ ಕೂತಿವೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ. ಅಂಥ ಸುಮಾರು 75 ಸಾವಿರ 'ದೇಶ'ಗಳಿವೆ ಅಲ್ಲಿ. 2014ರ ಹಳ್ಳಿ ಕಾನೂನು ಬಂದ ಮೇಲೆ, 2015ರಿಂದ ಕೇಂದ್ರದ ಹಣದಲ್ಲಿ ಪ್ರತಿ ಹಳ್ಳಿಗೂ ಒಂದು ಪಾಲು ಬರುತ್ತದೆ. ಕೆಲವು ಮುಖ್ಯಸ್ಥರು ಆ ಹಣ ನುಂಗಿ ಜೈಲಿಗೂ ಹೋಗಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಜಾವಾದ ಹಳ್ಳಿಗಳಲ್ಲಿ 'ಉಲು ಉಲು' ಅಂತ ಒಬ್ಬ ಇರುತ್ತಾನೆ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡುವುದು ಅವನ ಕೆಲಸ. ಸಂಬಳದ ಬದಲು ಹಳ್ಳಿಯ ಜಮೀನಿನಲ್ಲಿ ಒಂದು ತುಂಡನ್ನು ಅವನಿಗೆ ಉಳಲು ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಓದುತ್ತಿದ್ದ ಹಾಗೆ ನಮ್ಮ ನೀರುಗಂಟಿ ಕಣ್ಣ ಮುಂದೆ ಬಂದ. ಅವನಿಗೂ ಇನಾಮು ಜಮೀನು ಇರುತ್ತಿತ್ತು. 1961ರ ಕಾಯ್ದೆ ಬಂದು ವಂಶದಿಂದ ಬರುತ್ತಿದ್ದ ಹಳ್ಳಿಯ ಹುದ್ದೆಗಳೆಲ್ಲ ರದ್ದಾದವು. ಹುಟ್ಟಿನ ಹಕ್ಕು ಹೋಗಿದ್ದು ಒಳ್ಳೆಯದೇ. ಆದರೆ ಕೆರೆಯ ನೀರಿನ ಲೆಕ್ಕ ತಲೆಯಲ್ಲಿ ಇಟ್ಟುಕೊಂಡಿದ್ದವನ ಜಾಗಕ್ಕೆ ಎಷ್ಟೋ ಊರುಗಳಲ್ಲಿ ಯಾರೂ ಬರಲೇ ಇಲ್ಲ.

ಮೇಷ್ಟ್ರೇ, ನಮ್ಮ ಹಳ್ಳಿಗಳಿಗೆ ಜಾಗ ಕೊಡಿ ಅಂದಿರಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ. ನಿಮ್ಮೂರಿನ ಕೆರೆಗೆ ತೂಬು ಎಷ್ಟು, ಅವುಗಳ ಹೆಸರೇನು, ಕೊನೆಯ ನೀರುಗಂಟಿ ಯಾವ ವರ್ಷದವರೆಗೆ ತೂಬು ಎತ್ತುತ್ತಿದ್ದ, ಬರೆದು ಕಳಿಸಿ. ನಿಮಗೆ ನೆನಪಿಲ್ಲದಿದ್ದರೆ ನಿಮಗಿಂತ ಹಿರಿಯರು ಊರಲ್ಲಿ ಒಬ್ಬರಾದರೂ ಇರುತ್ತಾರೆ. ಈ ವಾರವೇ ಹೋಗಿ ಕೇಳಿ.