ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ ಬೀಜ ಏಕೆ ಮೊಳೆಯುತ್ತಿಲ್ಲ? ಮೊಳೆತರೂ ಹೂ ಏಕಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಪೂರ್ವದ ಬಾಲ್ಕನಿ. ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ ಎರಡರ ಬೀಜವನ್ನೂ ಹಾಕಿ ಮೂರು ವಾರವಾಯಿತು, ದಿನಾ ನೀರು ಕೊಟ್ಟರೂ ಹತ್ತಕ್ಕೆ ಒಂದು ಮಾತ್ರ ಮೊಳೆತಿದೆ. ಹೋದ ವರ್ಷದ ಬಳ್ಳಿ ಸೊಂಪಾಗಿ ಹಬ್ಬಿತು, ಹೂ ಮಾತ್ರ ಬಿಡಲಿಲ್ಲ.

ಮೊದಲು ಮಣ್ಣು ಕೆದಕಿ ಆ ಬೀಜಗಳನ್ನು ಹೊರತೆಗೆದು ಬೆರಳಿನಲ್ಲಿ ಒತ್ತಿ ನೋಡಿ. ಹಾಕಿದಾಗ ಇದ್ದಷ್ಟೇ ಗಾತ್ರ, ಅಷ್ಟೇ ಗಟ್ಟಿ ಇದ್ದರೆ ಅದು ಕೆಟ್ಟಿಲ್ಲ. ಇನ್ನೂ ನೀರನ್ನೇ ಹೀರಿಲ್ಲ. ತೊಳೆದು ಮತ್ತೆ ಬಳಸಬಹುದು. ಒತ್ತಿದಾಗ ಪಿಚಕ್ಕೆಂದು ಕೆಟ್ಟ ವಾಸನೆ ಬಂದರೆ ಕೊಳೆತಿದೆ, ಎಸೆಯಿರಿ. ನಿಮ್ಮ ಕುಂಡದಲ್ಲಿ ಬಹುಪಾಲು ಮೊದಲನೆಯ ಬಗೆಯೇ ಸಿಗುತ್ತದೆ ಎಂದು ನನ್ನ ಅಂದಾಜು.

ಕಾರಣ ಬೀಜದ ಸಿಪ್ಪೆ. ಶಂಖಪುಷ್ಪ ಅವರೆ, ತೊಗರಿಯ ಕುಟುಂಬದ್ದು. ಅದರ ಸಿಪ್ಪೆಯಲ್ಲಿ ನೀರು ಒಳಗೆ ಹೋಗದಂಥ ಗಟ್ಟಿ ಪದರ ಇರುತ್ತದೆ. ಮಾರ್ನಿಂಗ್ ಗ್ಲೋರಿ ಬೇರೆ ಕುಟುಂಬದ್ದಾದರೂ ಸಿಪ್ಪೆಯ ತಕರಾರು ಅದೇ. ಕಾಡಿನಲ್ಲಿ ಬಿಸಿಲು, ಮಳೆ, ಮಣ್ಣಿನ ತಿಕ್ಕಾಟಕ್ಕೆ ಈ ಪದರ ನಿಧಾನವಾಗಿ ಸವೆದು, ಬೀಜಗಳು ಒಂದೊಂದಾಗಿ ಬೇರೆ ಬೇರೆ ಕಾಲಕ್ಕೆ ಮೊಳೆಯುತ್ತವೆ. ಗಿಡಕ್ಕೆ ಅದು ಲಾಭ, ನಮಗೆ ಕಾಯುವ ಕೆಲಸ. ಹಾಗಾಗಿ ಎಷ್ಟು ನೀರು ಸುರಿದರೂ ಪ್ರಯೋಜನವಿಲ್ಲ. ಸಿಪ್ಪೆಯನ್ನು ನಾವೇ ಒಂದು ಕಡೆ ಸವೆಸಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 100 ಅಥವಾ 120 ನಂಬರಿನ ಸ್ಯಾಂಡ್ ಪೇಪರ್ ಸಾಕು. ಶಂಖಪುಷ್ಪದ ಬೀಜದ ಒಂದು ಬದಿಯಲ್ಲಿ, ಅದು ಕಾಯಿಗೆ ಅಂಟಿಕೊಂಡಿದ್ದ ಸಣ್ಣ ಕಣ್ಣು ಕಾಣುತ್ತದೆ. ಮೊಳಕೆಯ ಬೇರು ಅದರ ಹತ್ತಿರವೇ ಇರುವುದರಿಂದ ಆ ಜಾಗ ಮುಟ್ಟಬೇಡಿ. ಎದುರು ಬದಿಯನ್ನು ಉಜ್ಜಿ. ಕಪ್ಪು ಬಣ್ಣ ಹೋಗಿ ಒಳಗಿನ ಬಿಳಿ ಚುಕ್ಕೆಯಷ್ಟು ಕಂಡ ಕೂಡಲೇ ನಿಲ್ಲಿಸಿ. ಮಾರ್ನಿಂಗ್ ಗ್ಲೋರಿಯ ಬೀಜ ಕಿತ್ತಳೆ ತೊಳೆಯ ಆಕಾರದ್ದು. ಅದರ ಉಬ್ಬಿದ ಬೆನ್ನನ್ನು ಉಜ್ಜಬೇಕು. ನೇಲ್ ಕಟರಿನಿಂದ ಚೂರು ಕತ್ತರಿಸಿದರೂ ನಡೆಯುತ್ತದೆ, ಆದರೆ ಬೀಜ ಜಾರಿ ಒಳಗಿನ ಬೇಳೆಗೇ ಏಟು ಬೀಳುವುದುಂಟು.

ಉಜ್ಜಿದ ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ಹಾಕಿಡಿ. ಎಂಟರಿಂದ ಹನ್ನೆರಡು ಗಂಟೆ ಸಾಕು. ಬೆಳಿಗ್ಗೆ ಉಬ್ಬಿ ದೊಡ್ಡದಾದವನ್ನು ಕೂಡಲೇ ಬಿತ್ತಿ. ಉಬ್ಬದವನ್ನು ಇನ್ನೊಮ್ಮೆ ಉಜ್ಜಿ ಮತ್ತೆ ನೆನೆಸಿ. ಉಬ್ಬಿದ ಬೀಜ ಎರಡು ದಿನ ನೀರಿನಲ್ಲೇ ಇದ್ದರೆ ಗಾಳಿಯಿಲ್ಲದೆ ಸಾಯುತ್ತದೆ. 'ತೇಲಿದ್ದು ಎಸೆ, ಮುಳುಗಿದ್ದು ಇಟ್ಟುಕೋ' ಎಂಬ ಪರೀಕ್ಷೆಗಿಂತ ಈ ಉಬ್ಬುವ ಪರೀಕ್ಷೆಯೇ ಮೇಲು. ಕುದಿಯುವ ನೀರು ಹಾಕಿ ಎನ್ನುವವರೂ ಇದ್ದಾರೆ. ಸಿಪ್ಪೆಯ ಜೊತೆ ಬೀಜವೂ ಬೆಂದುಹೋಗುವ ಅಪಾಯ ಇರುವಾಗ, ಹತ್ತು ಬೀಜದ ಪ್ಯಾಕೆಟ್ಟಿಗೆ ಅದು ಬೇಡ.

ಬಿತ್ತನೆಗೆ ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ. ಕೋಕೋಪೀಟ್ ಇಟ್ಟಿಗೆ ತಂದಿದ್ದರೆ ನೆನೆಸಿ, ಎರಡು ಸಲ ನೀರು ಬಸಿದು ಹಿಂಡಿ; ಅದರಲ್ಲಿರುವ ಉಪ್ಪು ಎಳೆಯ ಬೇರನ್ನು ಸುಡುತ್ತದೆ. ತಳಕ್ಕೆ ತೂತು ಮಾಡಿದ ಪೇಪರ್ ಕಪ್ ಒಂದಕ್ಕೆ ಒಂದೇ ಬೀಜ ಹಾಕಿ. ಆಳ ಒಂದರಿಂದ ಒಂದೂವರೆ ಸೆಂಟಿಮೀಟರ್. ತೀರ ಮೇಲೆ ಹಾಕಿದರೆ ಮೊಳಕೆ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬರುತ್ತದೆ, ಎಲೆ ಬಿಚ್ಚಲಾಗುವುದಿಲ್ಲ. ಹಾಗಾದರೆ ನೀರು ಚಿಮುಕಿಸಿ, ಸಿಪ್ಪೆ ಮೆತ್ತಗಾದ ಮೇಲೆ ಮೆಲ್ಲಗೆ ಬಿಡಿಸಿ. ಇಪ್ಪತ್ನಾಲ್ಕರಿಂದ ಮೂವತ್ತು ಡಿಗ್ರಿ ಸೆಖೆ ಇದ್ದರೆ ಮಾರ್ನಿಂಗ್ ಗ್ಲೋರಿ ಸುಮಾರು ಒಂದು ವಾರಕ್ಕೆ, ಶಂಖಪುಷ್ಪ ಒಂದೆರಡು ವಾರಕ್ಕೆ ಮೇಲೇಳುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ಶಂಖಪುಷ್ಪ ಬಿತ್ತಬೇಡಿ, ಮುದುಡಿ ಕೂತುಬಿಡುತ್ತದೆ. ಮೇ ಕೊನೆಯಿಂದ ಜೂನ್ ಒಳ್ಳೆಯ ಕಾಲ. ಮಲೆನಾಡು, ಕರಾವಳಿಯಲ್ಲಾದರೆ ಸಸಿಗಳನ್ನು ಸೂರಿನ ಕೆಳಗೆ ಬೆಳೆಸಿ, ಮಳೆಯ ಜೋರು ತಗ್ಗಿದ ಮೇಲೆ ಹೊರಗಿಡುವುದು ವಾಸಿ.

ಸಸಿ ಎದ್ದ ವಾರದೊಳಗೆ ಬುಡ ದಾರದಷ್ಟು ಸಣ್ಣಗಾಗಿ ಅಡ್ಡ ಬಿದ್ದರೆ ಅದು ಶಿಲೀಂಧ್ರದ ಕೆಲಸ, ಅತಿ ನೀರು ಮತ್ತು ಗಾಳಿ ಇಲ್ಲದಿರುವುದು ಕಾರಣ. ಬಿದ್ದ ಸಸಿ ಉಳಿಯದು. ಉಳಿದವಕ್ಕೆ ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಕೊಡಿ. ಮುಂದಿನ ಸಲ ಒಂದು ಕೆಜಿ ಗೊಬ್ಬರಕ್ಕೆ ಐದರಿಂದ ಹತ್ತು ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿ.

ನಾಲ್ಕು ಎಲೆ ಬಂದಾಗ ಕಪ್ಪಿನ ಬದಿ ಹರಿದು, ಬೇರಿನ ಮುದ್ದೆ ಒಡೆಯದಂತೆ ಕುಂಡಕ್ಕೆ ಇಳಿಸಿ. ಇವುಗಳ ತಾಯಿಬೇರು ಕದಲಿಸಿದರೆ ಗಿಡ ಮುನಿಸಿಕೊಳ್ಳುತ್ತದೆ. ಹನ್ನೆರಡು ಇಂಚಿನ ಕುಂಡಕ್ಕೆ ಎರಡೇ ಗಿಡ. ಮಣ್ಣಿಗೆ ಕೆಂಪು ಮಣ್ಣು ಎರಡು ಪಾಲು, ಕೋಕೋಪೀಟ್ ಒಂದು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು. ಆಸರೆ ಸಣ್ಣದಾಗಿರಲಿ: ಸುತಲಿ, ತೆಂಗಿನ ಹುರಿ, ತಂತಿ ಜಾಲರಿ. ಇವು ಕಾಂಡದಿಂದಲೇ ಸುತ್ತಿಕೊಂಡು ಏರುವ ಬಳ್ಳಿಗಳು. ಗೋಡೆಗೆ ಅಂಟುವುದಿಲ್ಲ, ದಪ್ಪ ಪೈಪನ್ನು ಹಿಡಿಯುವುದಿಲ್ಲ. ಬಳ್ಳಿ ಒಂದು ಗೇಣಾದಾಗ ತುದಿ ಚಿವುಟಿದರೆ ಬುಡದಿಂದಲೇ ಮೂರು ನಾಲ್ಕು ಕವಲು ಒಡೆಯುತ್ತದೆ.

ಇನ್ನು ಹೂವಿನ ಮಾತು. ಎಲೆ ಸೊಂಪಾಗಿದ್ದು ಹೂ ಇಲ್ಲವೆಂದರೆ ನಾನು ಮೊದಲು ಕೇಳುವುದು ಯಾವ ಗೊಬ್ಬರ ಹಾಕಿದಿರಿ ಎಂದು. ಯೂರಿಯಾ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ), ಪದೇ ಪದೇ ಹಸಿ ಸಗಣಿ ನೀರು, ಇವೆಲ್ಲ ಸಾರಜನಕ ತುಂಬಿ ಬಳ್ಳಿಯನ್ನು ಎಲೆಯ ಕಡೆಗೇ ಓಡಿಸುತ್ತವೆ. ಶಂಖಪುಷ್ಪದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತವೆ, ಅದಕ್ಕೆ ಮೇಲಿಂದ ಸುರಿಯುವುದು ದಂಡ. ಎರಡು ತಿಂಗಳು ಸಾರಜನಕ ಪೂರ್ತಿ ನಿಲ್ಲಿಸಿ. ಗೊಬ್ಬರದಂಗಡಿಯಲ್ಲಿ ಸಿಗುವ, ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮಾತ್ರ ಇರುವ 0:52:34 ಪುಡಿಯನ್ನು ಲೀಟರಿಗೆ ಒಂದು ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಿ.

ಎರಡನೆಯದು ಬಿಸಿಲು. ದಿನಕ್ಕೆ ಐದು ಗಂಟೆಯಾದರೂ ನೇರ ಬಿಸಿಲು ಬೇಕು. ಎದುರು ಕಟ್ಟಡ ಎದ್ದಿರುವ ಪೂರ್ವದ ಬಾಲ್ಕನಿಯಲ್ಲಿ ಎರಡೇ ಗಂಟೆ ಸಿಗುತ್ತಿದ್ದರೆ ಯಾವ ಗೊಬ್ಬರವೂ ಅದನ್ನು ತುಂಬಿಕೊಡದು, ಕುಂಡವನ್ನು ತಾರಸಿಗೆ ಒಯ್ಯಿರಿ. ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಮಾರ್ನಿಂಗ್ ಗ್ಲೋರಿಯ ಕೆಲವು ಜಾತಿಗಳು, ಮುಖ್ಯವಾಗಿ ಐಪೋಮಿಯಾ ನಿಲ್, ರಾತ್ರಿಯ ಕತ್ತಲೆಯ ಉದ್ದ ನೋಡಿ ಮೊಗ್ಗು ಕಟ್ಟುತ್ತವೆ. ಬಳ್ಳಿಯ ಪಕ್ಕದಲ್ಲೇ ಇಡೀ ರಾತ್ರಿ ಲೈಟು ಉರಿಯುತ್ತಿದ್ದರೆ ಆರಿಸಿ.

ಎಲ್ಲ ಸರಿಯಿದ್ದರೆ ಶಂಖಪುಷ್ಪ ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ಹೂ ಬಿಡಲು ಶುರುಮಾಡುತ್ತದೆ. ಕಾಯಿ ಕಟ್ಟಲು ಬಿಟ್ಟರೆ ಹೂ ಇಳಿಮುಖ, ಹಾಗಾಗಿ ಎಳೆಯ ಕಾಯಿಗಳನ್ನು ಕಿತ್ತುಹಾಕಿ. ಬೀಜಕ್ಕೆಂದು ನಾಲ್ಕೈದು ಕಾಯಿ ಬಿಟ್ಟುಕೊಂಡರೆ ಸಾಕು. ಅವು ಕಂದು ಬಣ್ಣಕ್ಕೆ ತಿರುಗಿದಾಗಲೇ ಕೊಯ್ಯಿರಿ, ಪೂರ್ತಿ ಒಣಗಿದರೆ ಸಿಡಿದು ಚೆಲ್ಲುತ್ತವೆ. ಶಂಖಪುಷ್ಪ ಬಹುಪಾಲು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಬಿಳಿಯ ಬೀಜಕ್ಕೆ ಬಿಳಿಯೇ, ನೀಲಿಗೆ ನೀಲಿಯೇ ಬರುವ ಸಾಧ್ಯತೆ ಹೆಚ್ಚು. ಮಾರ್ನಿಂಗ್ ಗ್ಲೋರಿಯಲ್ಲಿ ದುಂಬಿಗಳ ಕೈವಾಡದಿಂದ ಬಣ್ಣ ಬೆರೆಯುವುದುಂಟು. ಅದರ ಬೀಜ ವಿಷಕಾರಿ; ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪ್ಯಾಕೆಟ್ ಎತ್ತರದಲ್ಲಿಡಿ.

ಕಡೆಗೆ ನೀವು ಕೇಳಿದ 'ಇನ್ನೇನು ಹಾಕಬಹುದು': ಕಾಮಲತೆ ಹಾಕಿ, ಇದೇ ಕ್ರಮದಲ್ಲಿ ಸುಲಭವಾಗಿ ಬರುತ್ತದೆ. ಕಪ್ಪು ಕಣ್ಣಿನ ಹಳದಿ ಹೂವಿನ ಥನ್‌ಬರ್ಜಿಯಾ ಅಲಾಟಾಗೆ ಉಜ್ಜುವ ಕೆಲಸವಿಲ್ಲ, ತಂಪು ಹವೆಯೂ ಒಗ್ಗುತ್ತದೆ, ಮೊಳಕೆಗೆ ಎರಡು ಮೂರು ವಾರ ಕಾಯಬೇಕು. ಬೋಗನ್‌ವಿಲ್ಲಾ, ಮಲ್ಲಿಗೆ, ರಂಗೂನ್ ಬಳ್ಳಿಗಳ ಬೀಜವೆಂದು ಆನ್‌ಲೈನಿನಲ್ಲಿ ಮಾರುವುದನ್ನು ಕೊಳ್ಳಬೇಡಿ. ಅವನ್ನು ಕಡ್ಡಿ ನೆಟ್ಟೋ ಬಳ್ಳಿ ಬಾಗಿಸಿ ಮಣ್ಣಿಗೆ ಹೂತೋ ಬೆಳೆಸುವುದು, ಸಸಿ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ.